ಜ್ವರಕ್ಕೆ ತಣ್ಣೀರು ಪಟ್ಟಿ, ಮೋಟಾರಿಗೆ ಹೀಟ್ ಸಿಂಕ್!

ಸುತ್ತಿ ಬಳಸಿ ಹೇಳೋದು ಬೇಡ, ನೇರವಾಗಿ ವಿಷಯಕ್ಕೆ ಬರ್ತೀನಿ. ರೇಡಿಯೋ ಕಂಟ್ರೋಲ್ ಹೆಲಿಕಾಪ್ಟರಿನ ಮೋಟಾರು ವಿಪರೀತ ಬಿಸಿ ಆಗ್ತಿದೆ ಅಂತ ಯಾರಾದ್ರೂ ಬಾಯಿ ಬಿಟ್ಟರೆ ಸಾಕು, "ಒಂದು ಹೀಟ್ ಸಿಂಕ್ ಹಾಕ್ಬಿಡಿ ಸಾರ್, ಸರಿ ಹೋಗುತ್ತೆ" ಅನ್ನೋ ಸಲಹೆ ರೆಡಿ ಇರುತ್ತೆ. ಅಂಗಡಿಯವನೂ ಅದನ್ನೇ ಹೇಳ್ತಾನೆ, ಮೈದಾನದಲ್ಲಿ ಪಕ್ಕ ನಿಂತು ಹಾರಿಸೋ ಸೀನಿಯರೂ ಅದನ್ನೇ ಹೇಳ್ತಾರೆ. ನನ್ನ ಪ್ರಕಾರ ಇದು ಬಹುಪಾಲು ಸಲ ತಪ್ಪು ಸಲಹೆ. ತಪ್ಪು ಅಷ್ಟೇ ಅಲ್ಲ, ಅಪಾಯದ ಸಲಹೆ ಕೂಡ. ಬಿಸಿ ಅನ್ನೋದು ರೋಗ ಅಲ್ಲ ಸ್ವಾಮಿ, ರೋಗದ ಲಕ್ಷಣ. ಜ್ವರ ಬಂದ ಮಗುವಿಗೆ ಹಣೆ ಮೇಲೆ ತಣ್ಣೀರು ಪಟ್ಟಿ ಹಾಕ್ತೀವಿ ನಿಜ, ಆದ್ರೆ ಡಾಕ್ಟರ್ ಹತ್ರಾನೂ ಕರ್ಕೊಂಡು ಹೋಗ್ತೀವಲ್ಲ? ಇಲ್ಲಿ ಪಟ್ಟಿ ಹಾಕಿ ಅಲ್ಲಿಗೇ ಕೈ ತೊಳ್ಕೊಳ್ತಿದೀವಿ.

"ಇದೇನಪ್ಪಾ, ಕಥೆ ಕವನ ಬಿಟ್ಟು ಮೋಟಾರು ಹಿಡ್ಕೊಂಡ" ಅಂತ ಹೊರಡೋಕೆ ಮುಂಚೆ ಸ್ವಲ್ಪ ತಾಳಿ :) ಹೆಲಿಕಾಪ್ಟರ್ ಹಾರಿಸದೇ ಇರೋರಿಗೂ ಇದರಲ್ಲಿ ವಿಷಯ ಇದೆ. ಯಾಕಂದ್ರೆ ನನ್ನ ಜಗಳ ಮೋಟಾರಿನ ಜೊತೆ ಅಲ್ಲ. ಅಳತೆ ಮಾಡದೆ ಔಷಧಿ ಕೊಡೋ ನಮ್ಮ ಅಭ್ಯಾಸದ ಜೊತೆ.

ಗೊತ್ತಿಲ್ಲದೋರಿಗೆ ಎರಡು ಮಾತು. ನಾನು ಹೇಳ್ತಿರೋದು ರಿಮೋಟ್‌ನಲ್ಲಿ ಹಾರೋ ಎಲೆಕ್ಟ್ರಿಕ್ ಹೆಲಿಕಾಪ್ಟರುಗಳ ಬಗ್ಗೆ. ಉದಾಹರಣೆಗೆ, 2000ರ ದಶಕದಲ್ಲಿ ಈ ಹವ್ಯಾಸವನ್ನ ಮನೆಮನೆಗೆ ತಂದ ತೈವಾನಿನ ಅಲೈನ್ ಕಂಪನಿಯ ಟಿ-ರೆಕ್ಸ್ 450 ತಗೊಳ್ಳಿ. ತೂಕ ಮುಕ್ಕಾಲು ಕೆಜಿ ಆಸುಪಾಸು, ರೋಟರಿನ ಅಗಲ ಸುಮಾರು 70 ಸೆಂಟಿಮೀಟರ್, 11.1 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ. ಹೆಬ್ಬೆರಳು ಗಾತ್ರದ ಮೋಟಾರು. ಅದರ ತುದಿಗೆ ಪಿನಿಯನ್ ಅನ್ನೋ ಪುಟಾಣಿ ಹಲ್ಲಿನ ಚಕ್ರ. ಆ ಪಿನಿಯನ್ನು 150 ಹಲ್ಲಿನ ದೊಡ್ಡ ಪ್ಲಾಸ್ಟಿಕ್ ಗೇರನ್ನ ತಿರುಗಿಸುತ್ತೆ, ಗೇರು ರೆಕ್ಕೆಗಳನ್ನ ತಿರುಗಿಸುತ್ತೆ. ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನೋಡ್ಕೊಳ್ಳೋದು ಇಎಸ್‌ಸಿ ಅಂತ ಕರೆಯೋ ಸ್ಪೀಡ್ ಕಂಟ್ರೋಲರ್. ಇಷ್ಟು ಗೊತ್ತಿದ್ರೆ ಸಾಕು.

ಬಿಸಿ ಎಲ್ಲಿಂದ ಬರುತ್ತೆ?

ಇಷ್ಟು ತೂಕದ ಯಂತ್ರವನ್ನ ಗಾಳಿಯಲ್ಲಿ ಸುಮ್ಮನೆ ಒಂದೇ ಕಡೆ ನಿಲ್ಲಿಸೋಕೆ ಬ್ಯಾಟರಿಯಿಂದ ಅಂದಾಜು 100 ವ್ಯಾಟ್ ಹೋಗುತ್ತೆ. ಅದರಲ್ಲಿ ನಿಜವಾಗಿ ತೂಕ ಎತ್ತೋಕೆ ಬೇಕಾಗಿರೋದು ಲೆಕ್ಕದ ಪ್ರಕಾರ ಸುಮಾರು 23 ವ್ಯಾಟ್ ಮಾತ್ರ! ಮಿಕ್ಕಿದ್ದು ರೆಕ್ಕೆ ಗಾಳಿಯನ್ನ ಸೀಳೋದ್ರಲ್ಲಿ, ಬಾಲದ ರೋಟರಿನಲ್ಲಿ, ಬೆಲ್ಟಿನಲ್ಲಿ, ಗೇರಿನಲ್ಲಿ, ಮೋಟಾರಿನಲ್ಲಿ ಖರ್ಚು. ಮೋಟಾರು 80% ದಕ್ಷ ಅಂತ ಇಟ್ಕೊಂಡ್ರೂ ಅದರೊಳಗೆ 20 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತೆ. ಮನೇಲಿ ರೇಡಿಯೋ ರಿಪೇರಿಗೆ ಇಟ್ಕೊಂಡಿರೋ ಸಾಲ್ಡರಿಂಗ್ ಐರನ್ 25 ವ್ಯಾಟಿಂದು ಇರುತ್ತೆ, ಸೀಸ ಕರಗಿಸುತ್ತೆ. ಅಂದ್ರೆ ಏನೂ ತೊಂದ್ರೆ ಇಲ್ಲದ ಹೆಲಿಕಾಪ್ಟರಿನ ಹೊಟ್ಟೆಯಲ್ಲೂ ಒಂದು ಸಾಲ್ಡರಿಂಗ್ ಐರನ್ ಉರೀತಿರುತ್ತೆ. ಹಾಗಾಗಿ ಮೋಟಾರು ಬಿಸಿ ಆಗೋದು ಸಹಜ. ಎಷ್ಟು ಬಿಸಿ, ಯಾಕೆ ಅಷ್ಟು ಬಿಸಿ ಅನ್ನೋದು ಪ್ರಶ್ನೆ.

ಇಂಜಿನಿಯರಿಂಗ್ ಮೊದಲನೇ ವರ್ಷ "ಬೇಸಿಕ್ ಎಲೆಕ್ಟ್ರಿಕಲ್" ಅಂತ ಒಂದು ಪೇಪರ್ ಎಲ್ಲರಿಗೂ ಇರುತ್ತೆ. ಸಿವಿಲ್‌ನೋರಿಗೂ, ಕಂಪ್ಯೂಟರ್ ಸೈನ್ಸ್‌ನೋರಿಗೂ. ಅದರಲ್ಲಿ ಐ ಸ್ಕ್ವೇರ್ ಆರ್ ಅಂತ ಉರು ಹೊಡೆದಿರ್ತೀವಿ. ತಂತಿಯಲ್ಲಿ ಹುಟ್ಟೋ ಬಿಸಿ ಅಂದ್ರೆ ಕರೆಂಟಿನ ವರ್ಗವನ್ನ ರೆಸಿಸ್ಟೆನ್ಸ್‌ನಿಂದ ಗುಣಿಸಿದ್ದು. ಕರೆಂಟ್ ಎರಡು ಪಟ್ಟಾದ್ರೆ ಬಿಸಿ ನಾಲ್ಕು ಪಟ್ಟು. ಪರೀಕ್ಷೇಲಿ ಐದು ಮಾರ್ಕಿಗೆ ಬರೆದು ಬಂದ್ವಿ. ಆಮೇಲೆ ಅದೇ ಡಿಗ್ರಿ ಹೋಲ್ಡರು ಸುಡ್ತಿರೋ ಮೋಟಾರ್ ಕೈಯಲ್ಲಿ ಹಿಡ್ಕೊಂಡು ಕೇಳೋ ಮೊದಲ ಪ್ರಶ್ನೆ "ಯಾವ ಹೀಟ್ ಸಿಂಕ್ ತಗೊಳ್ಳಲಿ?" ಅಂತ! "ಎಷ್ಟು ಆಂಪಿಯರ್ ಎಳೀತಿದೆ?" ಅಂತ ಅಲ್ಲ.

ಈ ವಿಷಯದಲ್ಲಿ ನಮಗಿಂತ ಹಳ್ಳಿಯ ರೈತರು ಎಷ್ಟೋ ವಾಸಿ. ಹೊಲದ ಪಂಪ್‌ಸೆಟ್ ಸ್ಟಾರ್ಟರ್ ಪೆಟ್ಟಿಗೆ ನೋಡಿದೀರಾ? ಅದರ ಮುಖದ ಮೇಲೆ ಎರಡು ಮೀಟರ್ ಇರುತ್ತೆ, ಒಂದು ವೋಲ್ಟಿಗೆ, ಇನ್ನೊಂದು ಆಂಪ್ಸಿಗೆ. ವೋಲ್ಟೇಜ್ ಬಿದ್ರೆ ಆಂಪ್ಸ್ ಮೇಲೇರುತ್ತೆ, ಒಂದು ಫೇಸ್ ಹೋದ್ರೆ ಉಳಿದ ಫೇಸ್‌ಗಳಲ್ಲಿ ಆಂಪ್ಸ್ ಜಾಸ್ತಿ ಹರಿಯುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. "ಆಂಪ್ಸ್ ಜಾಸ್ತಿ ತಗೋತೈತೆ, ಬಂದ್ ಮಾಡ್ಲಾ" ಅನ್ನೋ ಮಾತು ಯಾವ ಪಠ್ಯಪುಸ್ತಕದಿಂದಲೂ ಬಂದಿದ್ದಲ್ಲ, ರಿವೈಂಡಿಂಗ್ ಅಂಗಡಿಗೆ ಕಟ್ಟಿದ ದುಡ್ಡಿಂದ ಬಂದಿದ್ದು. ಇನ್ನೊಂದು ಯೋಚನೆ ಮಾಡಿ. ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಮೋಟಾರು ನೀರಲ್ಲೇ ಮುಳುಗಿರುತ್ತೆ. ಅದಕ್ಕಿಂತ ದೊಡ್ಡ ಹೀಟ್ ಸಿಂಕ್ ಪ್ರಪಂಚದಲ್ಲಿ ಯಾವುದಿದೆ? ಆದ್ರೂ ಒಂದು ಫೇಸ್ ಹೋಗಿ, ಕಾಪಾಡೋ ರಿಲೇ ಇಲ್ದಿದ್ರೆ, ಸುತ್ತ ನೀರಿರುವಾಗಲೇ ಸುಟ್ಟು ಕರಕಲಾಗುತ್ತೆ. ತಂಪು ಮಾಡೋದಕ್ಕೂ ಕಾರಣ ತೆಗೆಯೋದಕ್ಕೂ ಇರೋ ವ್ಯತ್ಯಾಸ ಇಷ್ಟೇ.

ಹೀಟ್ ಸಿಂಕ್ ಪಾರ್ಟಿಯವರಿಗೆ

ಮೊದಲು ಹೀಟ್ ಸಿಂಕ್ ಹಾಕ್ತಿರೋದು ಯಾವುದರ ಮೇಲೆ ಅಂತ ನೋಡೋಣ. ಇದರಲ್ಲಿ ಮೂರು ಜಾತಿ ಮೋಟಾರು.

ಒಂದು, ಹಳೇ ಬ್ರಷ್ಡ್ ಮೋಟಾರು. ಚಿಕ್ಕ, ಅಗ್ಗದ ಹೆಲಿಕಾಪ್ಟರುಗಳಲ್ಲಿ ಇರೋದು. ಇದರಲ್ಲಿ ತಾಮ್ರದ ಸುರುಳಿ ಇರೋದು ಮಧ್ಯದಲ್ಲಿ ತಿರುಗೋ ಭಾಗದ ಮೇಲೆ. ಹೊರಗಿನ ಡಬ್ಬಿಗೆ ಅಂಟಿರೋದು ಮ್ಯಾಗ್ನೆಟ್. ಬಿಸಿ ಹುಟ್ಟೋದು ಒಳಗೆ, ಸುರುಳಿಯಲ್ಲಿ ಮತ್ತು ಬ್ರಷ್‌ಗಳಲ್ಲಿ. ನೀವು ಅಲ್ಯೂಮಿನಿಯಂ ರೆಕ್ಕೆ ಸಿಕ್ಕಿಸ್ತಿರೋದು ಹೊರಗೆ. ಮಧ್ಯೆ ಗಾಳಿಯ ಸಂದು. ಅಡುಗೆಮನೆಯಲ್ಲಿ ಕುಕ್ಕರ್ ಉರೀತಿದ್ರೆ ಹಾಲಿನ ಗೋಡೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ. ಸ್ವಲ್ಪ ಉಪಯೋಗ ಇದೆ, ಇಲ್ಲ ಅನ್ನಲ್ಲ. ಆದ್ರೆ ಸುಡ್ತಿರೋ ಜಾಗ ಅದಲ್ಲ.

ಎರಡು, ಔಟ್‌ರನ್ನರ್ ಅನ್ನೋ ಬ್ರಷ್‌ಲೆಸ್ ಮೋಟಾರು. ಇದರಲ್ಲಿ ಹೊರಗಿನ ಡಬ್ಬಿಯೇ ಗಿರಗಿರ ತಿರುಗುತ್ತೆ. ಅದಕ್ಕೆ ಹೀಟ್ ಸಿಂಕ್ ಎಲ್ಲಿ ಸಿಕ್ಕಿಸ್ತೀರಿ? ಒಳಗಿನ ಸುರುಳಿಯ ಬಿಸಿ ಹೋಗೋದು ಮೋಟಾರು ಕೂತಿರೋ ತಟ್ಟೆಯ ಮೂಲಕ, ಒಳಗೆ ಹಾಯೋ ಗಾಳಿಯ ಮೂಲಕ. ಆ ತಟ್ಟೆ ಅಲ್ಯೂಮಿನಿಯಂದು ಆಗಿದ್ರೆ ಒಳ್ಳೇದು, ಗಾಳಿ ದಾರಿಗೆ ವೈರು, ಟೇಪು ಅಡ್ಡ ಬಾರದಿದ್ರೆ ಇನ್ನೂ ಒಳ್ಳೇದು. ಅಷ್ಟೇ.

ಮೂರು, ಇನ್‌ರನ್ನರ್. ಇದರಲ್ಲಿ ಸುರುಳಿ ಹೊರಗಿನ ಡಬ್ಬಿಗೆ ಅಂಟಿಕೊಂಡಿರುತ್ತೆ. ಇಲ್ಲಿ ಮಾತ್ರ ಹೀಟ್ ಸಿಂಕ್ ಅನ್ನೋದು ಹೆಸರಿಗೆ ತಕ್ಕ ಕೆಲಸ ಮಾಡುತ್ತೆ. ಮೂರರಲ್ಲಿ ಒಂದಕ್ಕೆ ಸರಿಯಾಗಿ ಒಪ್ಪೋ ಔಷಧಿಯನ್ನ ಮೂರಕ್ಕೂ ಕೊಡೋ ವೈದ್ಯರನ್ನ ಏನಂತ ಕರೀತೀರಿ?

ಸರಿ, ಇನ್‌ರನ್ನರ್‌ಗೆ ಹಾಕಿದ್ರಿ, ಡಬ್ಬಿ ತಣ್ಣಗಾಯ್ತು ಅಂತಾನೇ ಇಟ್ಕೊಳ್ಳಿ. ಆ ಕರೆಂಟ್ ಹರೀತಿದ್ದಿದ್ದು ಮೋಟಾರಿನಲ್ಲಿ ಮಾತ್ರಾನಾ? ಅದೇ ಕರೆಂಟ್ ಇಎಸ್‌ಸಿ ಒಳಗೂ ಹೋಗುತ್ತೆ, ಬ್ಯಾಟರಿ ಒಳಗೂ ಹೋಗುತ್ತೆ, ಕನೆಕ್ಟರ್ ಒಳಗೂ ಹೋಗುತ್ತೆ. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನ ಮಿತಿ ಮೀರಿ ಹಿಂಡಿದ್ರೆ ಅದು ಮೊದಲು ಬಿಸಿ ಆಗುತ್ತೆ, ಆಮೇಲೆ ಉಬ್ಬುತ್ತೆ, ಕೆಟ್ಟ ದಿನ ಆಗಿದ್ರೆ ಬೆಂಕಿ ಹತ್ತುತ್ತೆ. ಮೋಟಾರಿನ ಬಿಸಿ ನಿಮಗೆ ಎಚ್ಚರಿಕೆ ಕೊಡ್ತಿತ್ತು. ನೀವು ಎಚ್ಚರಿಸೋನ ಬಾಯಿಗೆ ಬಟ್ಟೆ ತುರುಕಿದ್ರಿ. ಅಪಾಯದ ಸಲಹೆ ಅಂದಿದ್ದು ಇದಕ್ಕೇ.

"ದೊಡ್ಡ ಪಿನಿಯನ್ ಹಾಕಿ, ಪವರ್ ಬರುತ್ತೆ" ಅನ್ನೋರಿಗೆ

ಇದು ಇನ್ನೊಂದು ಪಂಗಡ. ಇವರ ಲೆಕ್ಕಾಚಾರ ನೋಡೋಣ. 3550 ಕೆವಿ ಮೋಟಾರು, ಅಂದ್ರೆ ಲೋಡ್ ಇಲ್ಲದಾಗ ವೋಲ್ಟಿಗೆ 3550 ಸುತ್ತು. 11.1 ವೋಲ್ಟಿಗೆ ನಿಮಿಷಕ್ಕೆ 39,405 ಸುತ್ತು. 11 ಹಲ್ಲಿನ ಪಿನಿಯನ್, 150 ಹಲ್ಲಿನ ಗೇರು ಆದ್ರೆ ರೋಟರ್ 2,890. ಲೋಡ್ ಬಿದ್ದಾಗ ಒಂದಷ್ಟು ಇಳಿದು ಸುಮಾರು 2,400. ಇದೇ ಜಾಗಕ್ಕೆ 13 ಹಲ್ಲಿನ ಪಿನಿಯನ್ ಹಾಕಿದ್ರೆ 3,415, ಲೋಡಿನಲ್ಲಿ ಸುಮಾರು 2,800.

"ಎರಡೇ ಹಲ್ಲು ತಾನೇ?" ಅಂತ ಅನ್ನಿಸುತ್ತೆ. ರೆಕ್ಕೆಯ ಕೋನ ಬದಲಾಯಿಸದೆ ವೇಗ ಹೆಚ್ಚಿಸಿದ್ರೆ ಅದನ್ನ ತಿರುಗಿಸೋಕೆ ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತೆ. 13ನ್ನ 11ರಿಂದ ಭಾಗಿಸಿ, 1.18. ಅದರ ಘನ 1.65. ಮೋಟಾರಿನ ವೇಗ ಹೆಚ್ಚುಕಮ್ಮಿ ಅಷ್ಟೇ ಇರೋದ್ರಿಂದ ಕರೆಂಟೂ 1.65 ಪಟ್ಟು. ಬಿಸಿ ಕರೆಂಟಿನ ವರ್ಗ ಅಲ್ವಾ, ಸುಮಾರು 2.7 ಪಟ್ಟು! ಎರಡು ಹಲ್ಲಿಗೆ ಬಿಸಿ ಎರಡೂವರೆ ಪಟ್ಟಿಗಿಂತ ಜಾಸ್ತಿ. ಯಾವ ಹೀಟ್ ಸಿಂಕ್ ತಡೆಯುತ್ತೆ ಹೇಳಿ? ಮೂರು ಸೆಲ್ಲಿನ ಬ್ಯಾಟರಿ ಜಾಗಕ್ಕೆ ನಾಲ್ಕು ಸೆಲ್ಲಿಂದು ಸಿಕ್ಕಿಸೋ ಪುಣ್ಯಾತ್ಮರೂ ಇದಾರೆ, ಬೇರೆ ಏನೂ ಬದಲಾಯಿಸದೆ. ಇಲ್ಲಿ ಮೋಟಾರಿನ ವೇಗವೂ ಏರೋದ್ರಿಂದ ಅವರ ಲೆಕ್ಕ 1.33ರ ವರ್ಗ, ಅದರ ವರ್ಗ. ಮೂರು ಪಟ್ಟು ದಾಟುತ್ತೆ. ಹೊಗೆ ಬರದೇ ಇದ್ರೆ ಆಶ್ಚರ್ಯ ಪಡಬೇಕು.

ಇದಕ್ಕೆ ಅವರ ಉತ್ತರ ರೆಡಿ ಇರುತ್ತೆ. "ನಾವು ಫುಲ್ ಥ್ರಾಟಲ್ ಕೊಡಲ್ಲ ಸಾರ್, 60% ಅಲ್ಲಿ ಹಾರಿಸ್ತೀವಿ, ತಂಪಾಗಿರುತ್ತೆ." ಈ ಮಾತು ಕೇಳೋಕೆ ಎಷ್ಟು ಚೆನ್ನಾಗಿದೆಯೋ ಅಷ್ಟೇ ತಪ್ಪು. ಅರ್ಧ ಥ್ರಾಟಲ್ ಅಂದ್ರೆ ಇಎಸ್‌ಸಿ ಬ್ಯಾಟರಿಯ ವೋಲ್ಟೇಜನ್ನ ನಲ್ಲಿ ತಿರುಗಿಸಿದ ಹಾಗೆ ನಿಧಾನಕ್ಕೆ ಕಡಿಮೆ ಮಾಡಲ್ಲ. ಸೆಕೆಂಡಿಗೆ ಸಾವಿರಾರು ಸಲ ಪೂರ್ತಿ ಆನ್, ಪೂರ್ತಿ ಆಫ್ ಮಾಡುತ್ತೆ. ಬ್ಯಾಟರಿಯಿಂದ ಸರಾಸರಿ 10 ಆಂಪಿಯರ್ ಹೋಗ್ತಿದ್ರೆ, 60% ಥ್ರಾಟಲ್ಲಿನಲ್ಲಿ ಮೋಟಾರಿನ ಸುರುಳಿಯಲ್ಲಿ ಓಡ್ತಿರೋದು ಸುಮಾರು 16.7 ಆಂಪಿಯರ್. ಅದೇ ಹೆಲಿಕಾಪ್ಟರಿಗೆ ಚಿಕ್ಕ ಪಿನಿಯನ್ ಹಾಕಿ 90% ಥ್ರಾಟಲ್ಲಿನಲ್ಲಿ ಅದೇ ರೋಟರ್ ವೇಗ ತಂದ್ರೆ ಸುರುಳಿಯಲ್ಲಿ ಸುಮಾರು 11 ಆಂಪಿಯರ್. ಹಾರಾಟ ಅದೇ, ಮೀಟರಿನಲ್ಲಿ ಕಾಣೋ ಬ್ಯಾಟರಿ ಕರೆಂಟೂ ಅದೇ, ಆದ್ರೆ ಸುರುಳಿಯ ಬಿಸಿ ಎರಡೂಕಾಲು ಪಟ್ಟು ವ್ಯತ್ಯಾಸ! ಇದರ ಮೇಲೆ ಇಎಸ್‌ಸಿ ಒಳಗಿನ ಟ್ರಾನ್ಸಿಸ್ಟರುಗಳು ಆನ್-ಆಫ್ ಆಡಿ ಆಡಿ ಬೇಯೋದು ಬೇರೆ. ಐದನೇ ಗೇರಿನಲ್ಲಿ ಹಾಕಿಕೊಂಡು ಕ್ಲಚ್ ಅರ್ಧ ಒತ್ತಿ ಗಾಡಿಯನ್ನ ಘಾಟಿ ಹತ್ತಿಸೋನನ್ನ ನೋಡಿ ನಗ್ತೀವಲ್ಲ, ಇದೂ ಅದೇ. ಬೇಕಾದ ವೇಗಕ್ಕೆ ತಕ್ಕ ಹಲ್ಲು ಆರಿಸಿ, ಥ್ರಾಟಲ್ 80-90% ಆಸುಪಾಸಿನಲ್ಲಿ ಇರೋ ಹಾಗೆ ನೋಡ್ಕೊಳ್ಳಿ. ಪಿನಿಯನ್ನಿನ ಬೆಲೆ ಮೋಟಾರಿನ ಮುಂದೆ ಏನೂ ಅಲ್ಲ.

"ದೊಡ್ಡ ಮೋಟಾರು ಹಾಕ್ಸಿ" ಅನ್ನೋರಿಗೆ

ಅಂಗಡಿಯವರಿಗೆ ಅಚ್ಚುಮೆಚ್ಚಿನ ಸಲಹೆ ಇದು, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ :) ದೊಡ್ಡ ಮೋಟಾರಿನ ತಂತಿ ದಪ್ಪ, ರೆಸಿಸ್ಟೆನ್ಸ್ ಕಡಿಮೆ, ಹಾಗಾಗಿ ಅದೇ ಕೆಲಸಕ್ಕೆ ಕಡಿಮೆ ಬಿಸಿ ಆಗುತ್ತೆ ಅನ್ನೋದು ನಿಜ. ಒಪ್ತೀನಿ. ಆದ್ರೆ ತೂಕ? ತೂಕ 10% ಹೆಚ್ಚಾದ್ರೆ ಎತ್ತೋ ಶಕ್ತಿ 15% ಹೆಚ್ಚು ಬೇಕು. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಹಳೇ ಮೋಟಾರು ಯಾಕೆ ಬೇಯ್ತಿತ್ತು ಅಂತ ಕಂಡುಹಿಡಿದ್ರಾ? ಬಗ್ಗಿದ ಶಾಫ್ಟು, ಒಣಗಿದ ಬೇರಿಂಗು, ಬಿಗಿಯಾದ ಬೆಲ್ಟು ಇದ್ದಿದ್ರೆ ಅದು ಹಾಗೇ ಇದೆ. ದೊಡ್ಡ ಮೋಟಾರು ಅದನ್ನ ಗೊಣಗದೆ ಎಳೆಯುತ್ತೆ. ಆಮೇಲೆ ಒಂದು ದಿನ ಗಾಳಿಯಲ್ಲಿದ್ದಾಗ ಗೇರಿನ ಹಲ್ಲು ಕಿತ್ತು ಬರುತ್ತೆ, ಇಲ್ಲ ಬಾಲದ ಬೆಲ್ಟು ಹರಿಯುತ್ತೆ. ಮೋಟಾರು ಬಲಿಯಾಗೋ ಬದಲು ಹೆಲಿಕಾಪ್ಟರೇ ಬಲಿ.

"ಸ್ವಲ್ಪ ಹೊತ್ತು ಆರಿಸಿ ಮತ್ತೆ ಹಾರಿಸಿ" ಅನ್ನೋರಿಗೆ

ಇವರು ಸಾಧು ಜನ. ಬ್ರಷ್ಡ್ ಮೋಟಾರಿಗೆ ಈ ಸಲಹೆ ಒಳ್ಳೇದೇ, ಎರಡು ಹಾರಾಟದ ಮಧ್ಯೆ ಬಿಡುವು ಕೊಡಲೇಬೇಕು. ಆದ್ರೆ ಒಂದೇ ಹಾರಾಟದಲ್ಲಿ ಮುಟ್ಟೋಕಾಗದಷ್ಟು ಕಾಯೋ ಮೋಟಾರಿಗೆ ಇದು ಪರಿಹಾರ ಅಲ್ಲ. ಯಾಕಂದ್ರೆ ಹಾನಿ ಆಗೋದು ಗಾಳಿಯಲ್ಲಿದ್ದಾಗ, ನೀವು ಆರಿಸ್ತಿರೋದು ಇಳಿದ ಮೇಲೆ.

ಆ ಹಾನಿಯ ಲೆಕ್ಕ ಕೇಳಿ. ತಾಮ್ರದ ರೆಸಿಸ್ಟೆನ್ಸ್ ಒಂದೊಂದು ಡಿಗ್ರಿಗೂ ಸುಮಾರು 0.39% ಏರುತ್ತೆ. 25 ಡಿಗ್ರಿಯಿಂದ 100ಕ್ಕೆ ಹೋದ್ರೆ ಸುಮಾರು 30% ಜಾಸ್ತಿ. ಮ್ಯಾಗ್ನೆಟ್ ಇದೆಯಲ್ಲ, ನಿಯೋಡಿಮಿಯಂದು, ಅದು ಬಿಸಿಯಾದಂತೆ ಬಲ ಕಳ್ಕೊಳ್ಳುತ್ತೆ, ಡಿಗ್ರಿಗೆ 0.1%ಗೆ ಸ್ವಲ್ಪ ಮೇಲೆ. ಮ್ಯಾಗ್ನೆಟ್ ಸೋತ್ರೆ ಅಷ್ಟೇ ಬಲಕ್ಕೆ ಜಾಸ್ತಿ ಕರೆಂಟ್ ಬೇಕು. ಜಾಸ್ತಿ ಕರೆಂಟ್, ಜಾಸ್ತಿ ರೆಸಿಸ್ಟೆನ್ಸ್, ಎರಡೂ ಸೇರಿ ಇನ್ನೂ ಜಾಸ್ತಿ ಬಿಸಿ. ಸಾಲದ ಬಡ್ಡಿಗೆ ಚಕ್ರಬಡ್ಡಿ ಬಿದ್ದ ಹಾಗೆ. ಇನ್ನು ಒಂದು ಗೆರೆ ದಾಟಿದ್ರೆ ಮ್ಯಾಗ್ನೆಟ್ ಕಳ್ಕೊಂಡ ಬಲ ತಣ್ಣಗಾದ ಮೇಲೂ ವಾಪಸ್ ಬರಲ್ಲ. ಸಾಧಾರಣ ದರ್ಜೆಯ ನಿಯೋಡಿಮಿಯಂಗೆ ಆ ಗೆರೆ 80 ಡಿಗ್ರಿ. ದುಬಾರಿ ದರ್ಜೆಗಳಿಗೆ 120, 150 ಹೀಗೆ. ನಿಮ್ಮ ಮೋಟಾರಿನ ಡಬ್ಬಿ ಮೇಲೆ ಯಾವ ದರ್ಜೆ ಅಂತ ಬರೆದಿದೆಯಾ? ಇರೋದು ಅಪರೂಪ. ಹಾಗಾಗಿ 80ನ್ನೇ ಲಕ್ಷ್ಮಣರೇಖೆ ಅಂತ ಇಟ್ಕೊಳ್ಳೋದು ಕ್ಷೇಮ. ಒಮ್ಮೆ ಬೆಂದ ಮೋಟಾರು ಮುಂದಿನ ಸಲ ಇನ್ನೂ ಬೇಗ ಬೇಯೋದು ಇದಕ್ಕೇ. ಆಗ "ಚೈನಾ ಮಾಲು ಸಾರ್, ಹೀಗೇನೇ" ಅಂತ ತೀರ್ಪು ಬೇರೆ! ಕೆಡಿಸಿದ್ದು ನಾವು, ಬೈಸಿಕೊಂಡಿದ್ದು ಮಾಲು.

ಇನ್ನೊಂದು ಮಾತು. ಮೋಟಾರಿನ ಬಿಸಿ ಅಂದ್ರೆ ಹೊರಗಿನ ಹವೆಯ ಮೇಲೆ ಇಷ್ಟು ಅಂತ ಲೆಕ್ಕ. ಬೆಂಗಳೂರಿನ ಜನವರಿ ಬೆಳಗ್ಗೆ 18 ಡಿಗ್ರಿಯಲ್ಲಿ 60 ಡಿಗ್ರಿ ಏರೋ ಮೋಟಾರು 78ಕ್ಕೆ ನಿಲ್ಲುತ್ತೆ, ಬದುಕುತ್ತೆ. ಅದೇ ಸೆಟಪ್ಪನ್ನ ಕಲಬುರಗಿಯ ಮೇ ತಿಂಗಳ 42 ಡಿಗ್ರಿಗೆ ತಗೊಂಡು ಹೋದ್ರೆ 102. "ಬೆಂಗಳೂರಲ್ಲಿ ಚೆನ್ನಾಗೇ ಹಾರ್ತಿತ್ತು" ಅನ್ನೋದು ಸರ್ಟಿಫಿಕೇಟ್ ಅಲ್ಲ.

ಹಾಗಾದ್ರೆ ಏನ್ ಮಾಡ್ಬೇಕು?

ಬರೀ ಬೈದು ಹೋದ್ರೆ ನಾನೂ ಆ ಪಾರ್ಟಿಯವನೇ ಆಗ್ತೀನಿ. ದುಡ್ಡು ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡೋಣ. ಮೊದಲ ಷರತ್ತು, ಕೈ ಹಾಕೋ ಮುಂಚೆ ಬ್ಯಾಟರಿ ಕಿತ್ತಿಡಿ. ಬ್ಯಾಟರಿ ಹಾಕಿ ಬೆಂಚಿನ ಮೇಲೆ ಪರೀಕ್ಷೆ ಮಾಡೋದಾದ್ರೆ ರೆಕ್ಕೆಗಳನ್ನ ಬಿಚ್ಚಿಡಿ.

1. ಮೋಟಾರಿನ ಸ್ಕ್ರೂ ಸಡಿಲಿಸಿ ಪಿನಿಯನ್ನನ್ನ ಗೇರಿನಿಂದ ದೂರ ಸರಿಸಿ. ಈಗ ರೋಟರನ್ನ ಕೈಯಲ್ಲಿ ತಿರುಗಿಸಿ. ಹಗುರವಾಗಿ, ಎಲ್ಲೂ ಹಿಡಿಯದೆ ತಿರುಗಬೇಕು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಅನ್ನಿಸಿದ್ರೆ ಶಾಫ್ಟು ಬಗ್ಗಿದೆ ಅಥವಾ ಬೇರಿಂಗ್ ಹೋಗಿದೆ.

2. ಮೋಟಾರನ್ನ ಕೈಯಲ್ಲಿ ತಿರುಗಿಸಿ. ಟಕ್ ಟಕ್ ಅಂತ ಮ್ಯಾಗ್ನೆಟ್ ಹಿಡಿತ ಸಿಗೋದು ಸಹಜ. ಕರಕರ ಅಂತ ಮರಳಿನ ಹಾಗೆ ಅನ್ನಿಸೋದು ಬೇರಿಂಗಿನ ತೊಂದರೆ.

3. ಮೋಟಾರು ಕೂರಿಸಿದ ಸ್ಕ್ರೂಗಳ ಉದ್ದ ನೋಡಿ. ಉದ್ದ ಜಾಸ್ತಿಯಾಗಿ ತುದಿ ಒಳಗಿನ ಸುರುಳಿಗೆ ತಾಗಿದ್ರೆ ಎನಾಮಲ್ ಕೆರೆದು ಶಾರ್ಟ್ ಆಗುತ್ತೆ. ಇದು ಎಷ್ಟು ಸಣ್ಣ ವಿಷಯವೋ ಅಷ್ಟು ಮೋಟಾರುಗಳ ಜೀವ ತೆಗೆದಿದೆ.

4. ಪಿನಿಯನ್ ಮತ್ತೆ ಕೂರಿಸುವಾಗ ಹಲ್ಲುಗಳ ಮಧ್ಯೆ ತೆಳು ಕಾಗದದ ಪಟ್ಟಿ ಇಟ್ಟು ಒತ್ತಿ ಸ್ಕ್ರೂ ಬಿಗಿ ಮಾಡಿ, ಆಮೇಲೆ ಕಾಗದ ತಿರುಗಿಸಿ ತೆಗೆಯಿರಿ. ಕೂದಲೆಳೆಯಷ್ಟು ಸಂದು ಉಳಿಯುತ್ತೆ. ಗೇರನ್ನ ಪೂರ್ತಿ ಒಂದು ಸುತ್ತು ತಿರುಗಿಸಿ ಎಲ್ಲ ಕಡೆ ಸಂದು ಇದೆಯಾ ನೋಡಿ. ಬಿಗಿಯಾಗಿ ಕೂತ ಹಲ್ಲು ಬ್ರೇಕ್ ಹಾಕಿಕೊಂಡು ಗಾಡಿ ಓಡಿಸಿದ ಹಾಗೆ.

5. ಬಾಲದ ಬೆಲ್ಟು ವೀಣೆಯ ತಂತಿ ಹಾಗೆ ಇರಬೇಕಿಲ್ಲ. ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ಬಗ್ಗಬೇಕು.

6. ರೆಕ್ಕೆಯ ಕೋನವನ್ನ ಪಿಚ್ ಗೇಜ್‌ನಲ್ಲಿ ಅಳೆಯಿರಿ, ಕಣ್ಣಂದಾಜು ಬೇಡ. ಒಂದೇ ಕಡೆ ನಿಲ್ಲೋಕೆ 5-6 ಡಿಗ್ರಿ ಸಾಕಾಗೋ ಕಡೆ 9-10 ಬೇಕಾಗ್ತಿದ್ರೆ ರೋಟರ್ ವೇಗ ಕಡಿಮೆ ಇದೆ, ಮೋಟಾರು ಏದುಸಿರು ಬಿಡ್ತಿದೆ.

7. ಇಎಸ್‌ಸಿಯ ಟೈಮಿಂಗ್ ನೋಡಿ. ಅದನ್ನ ಏರಿಸಿದ್ರೆ ಸುತ್ತು ಸ್ವಲ್ಪ ಹೆಚ್ಚುತ್ತೆ, ಕರೆಂಟ್ ಅದಕ್ಕಿಂತ ಹೆಚ್ಚಾಗಿ ಏರುತ್ತೆ. ಮೋಟಾರು ಮಾಡಿದವರು ಏನು ಹೇಳಿದಾರೋ ಅಷ್ಟೇ ಇಡಿ.

8. ಕೊನೆಗೆ, ಒಂದು ವ್ಯಾಟ್ ಮೀಟರ್ ಕೊಳ್ಳಿ. ಬ್ಯಾಟರಿಗೂ ಇಎಸ್‌ಸಿಗೂ ಮಧ್ಯೆ ಸಿಕ್ಕಿಸೋದು. ಹೀಟ್ ಸಿಂಕಿಗೆ ಕೊಡೋ ದುಡ್ಡನ್ನ ಇದಕ್ಕೆ ಕೊಡಿ. ಕ್ಲ್ಯಾಂಪ್ ಮೀಟರ್ ತಗೊಳ್ಳೋದಾದ್ರೆ ಡಿಸಿ ಅಳೆಯೋದೇ ಬೇಕು, ಅಗ್ಗದವು ಎಸಿ ಮಾತ್ರ ಅಳೆಯುತ್ತವೆ. ಪಿನಿಯನ್ ಬಿಡಿಸಿ ಖಾಲಿ ಮೋಟಾರು ಓಡಿಸಿ ಕರೆಂಟ್ ನೋಡಿ. ಕಂಪನಿ ಕೊಟ್ಟ ಖಾಲಿ ಓಟದ ಅಂಕಿಗಿಂತ ತುಂಬ ಜಾಸ್ತಿ ಇದ್ರೆ ಆಗ ಹೇಳಿ, ಮೋಟಾರೇ ಕೆಟ್ಟಿದೆ ಅಂತ. ಚೈನಾ ಮಾಲು ಅಂತ ಬೈಯೋ ಹಕ್ಕು ಬರೋದು ಆಮೇಲೆ.

ಬಿಸಿ ಅಳೆಯೋದಕ್ಕೂ ಒಂದು ಕ್ರಮ ಇದೆ. 2020ರ ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯೋ ಬಂದೂಕು ಎಷ್ಟೋ ಮನೆಗೆ ಬಂತು, ಅದು ಜ್ವರ ನೋಡೋಕೆ ಮಾಡಿದ್ದು, ಮೋಟಾರಿಗೆ ಸಾಲದು. ನೂರು ಡಿಗ್ರಿ ದಾಟಿ ಅಳೆಯೋ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇರೆ ಸಿಗುತ್ತೆ. ಹೊಳೆಯೋ ಲೋಹದ ಮೇಲೆ ಅದು ಸುಳ್ಳು ಹೇಳುತ್ತೆ, ಕಡಿಮೆ ತೋರಿಸುತ್ತೆ. ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. ಇಳಿದ ತಕ್ಷಣ ಒಂದು ಸಲ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಗಾಳಿ ನಿಂತ ಮೇಲೆ ಒಳಗಿನ ಬಿಸಿ ಹೊರಗೆ ಬರುತ್ತೆ, ಹಾಗಾಗಿ ಎರಡನೇ ಅಂಕಿ ಜಾಸ್ತಿ ಇರೋದುಂಟು. ನಿಮಗೆ ಬೇಕಾಗಿರೋದು ಆ ಎರಡನೇ ಅಂಕಿಯೇ.

ಹೊಸದಾಗಿ ಕಲಿಯೋರಿಗೆ ಇನ್ನೊಂದು ಕಿವಿಮಾತು. ಇಡೀ ಬ್ಯಾಟರಿ ಮುಗಿಯೋವರೆಗೆ ಒಂದೇ ಕಡೆ ನಿಲ್ಲಿಸಿ ಅಭ್ಯಾಸ ಮಾಡ್ತೀರಲ್ಲ, ಅದು ಮೋಟಾರಿಗೆ ಕಷ್ಟದ ಕೆಲಸ. ಸ್ವಲ್ಪ ಮುಂದಕ್ಕೆ ಹೋಗ್ತಿದ್ರೆ ಬೇಕಾಗೋ ಶಕ್ತಿ ಕಡಿಮೆ, ಗಾಳಿಯೂ ಆಡುತ್ತೆ. ನಿಲ್ಲಿಸಿ ಕಲೀತೀರಾ, ಕಲೀರಿ, ಆದ್ರೆ ಟೈಮರ್ ಕಡಿಮೆ ಇಡಿ.

"ಆಟದ ಸಾಮಾನಿಗೆ ಇಷ್ಟೊಂದು ಲೆಕ್ಕಾನಾ?"

ಈ ಪ್ರಶ್ನೆ ಬಂದೇ ಬರುತ್ತೆ ಅಂತ ಗೊತ್ತು. 70 ಸೆಂಟಿಮೀಟರ್ ರೋಟರ್ ನಿಮಿಷಕ್ಕೆ 2,400 ಸುತ್ತು ತಿರುಗಿದ್ರೆ ರೆಕ್ಕೆಯ ತುದಿಯ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತೆ. ಲೆಕ್ಕ ಹಾಕಿ ನೋಡಿ. 2013ರಲ್ಲಿ ನ್ಯೂಯಾರ್ಕಿನ ಪಾರ್ಕೊಂದರಲ್ಲಿ ಒಬ್ಬ ಯುವಕ ತಾನೇ ಹಾರಿಸ್ತಿದ್ದ, ಇದಕ್ಕಿಂತ ದೊಡ್ಡ ಮಾದರಿ ಹೆಲಿಕಾಪ್ಟರಿನ ರೆಕ್ಕೆ ತಗುಲಿ ಸತ್ತ. ಅದಕ್ಕೂ ಮೋಟಾರಿನ ಬಿಸಿಗೂ ಸಂಬಂಧ ಕಟ್ತಿಲ್ಲ, ಇದು ಆಟದ ಸಾಮಾನಲ್ಲ ಅಂತ ಹೇಳೋಕೆ ಮಾತ್ರ ನೆನಪಿಸಿದೆ. ಗಾಳಿಯಲ್ಲಿ ಮೋಟಾರು ಬೆಂದು ನಿಂತ್ರೆ, ಇಎಸ್‌ಸಿ ಬಿಸಿಯಾಗಿ ಕೈ ಕೊಟ್ರೆ, ಆ ಕತ್ತಿ ಎಲ್ಲಿ ಬೀಳುತ್ತೆ ಅಂತ ಯಾರೂ ಬರೆದು ಕೊಡಲ್ಲ. ನಮ್ಮ ಮೈದಾನಗಳಲ್ಲಿ ಹೆಲಿಕಾಪ್ಟರ್ ಹಾರೋದು ಕಂಡ್ರೆ ಹತ್ತು ಹುಡುಗರು ಓಡಿ ಬಂದು ಸುತ್ತ ನಿಲ್ತಾರೆ. ಲೆಕ್ಕ ಬೇಕಾಗಿರೋದು ಅವರಿಗೋಸ್ಕರ.

ಲೆಕ್ಕ ಹಾಕಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ನಾಸಾದ ಇಂಜೆನ್ಯುಯಿಟಿ ಹೆಲಿಕಾಪ್ಟರ್, 1.8 ಕೆಜಿ ತೂಕ, 1.2 ಮೀಟರ್ ರೋಟರ್, ನಮ್ಮಲ್ಲಿ ಹಾರಿಸೋ ದೊಡ್ಡ ಮಾದರಿಗಳಷ್ಟೇ ಗಾತ್ರ, ಅದೂ ಎಲೆಕ್ಟ್ರಿಕ್ಕೇ. ಅದು ಹಾರಿದ್ದು ಮಂಗಳ ಗ್ರಹದಲ್ಲಿ. ಅಲ್ಲಿನ ಗಾಳಿಯ ಸಾಂದ್ರತೆ ನಮ್ಮ ನೂರರಲ್ಲೊಂದು ಭಾಗ. ಮೋಟಾರು ತಂಪು ಮಾಡೋಕೆ ಗಾಳಿಯೇ ಇಲ್ಲದ ಜಾಗ! ಮೋಟಾರಿನ ಬಿಸಿಯೇ ಅಲ್ಲಿ ಒಂದೊಂದು ಹಾರಾಟದ ಅವಧಿಗೂ ಮಿತಿ ಹಾಕಿತ್ತು. ಅವರು ಆ ಮಿತಿಯನ್ನ ಮೊದಲೇ ಲೆಕ್ಕ ಹಾಕಿದ್ರು, ಅಷ್ಟರೊಳಗೆ ಇಳಿಸಿದ್ರು. ಐದು ಹಾರಾಟದ ಪ್ರಯೋಗ ಅಂತ ಹೊರಟಿದ್ದು, 2021ರ ಏಪ್ರಿಲ್ 19ರಿಂದ 2024ರ ಜನವರಿ 18ರವರೆಗೆ 72 ಸಲ ಹಾರಿತು. ಕೊನೆಗೆ ನಿಂತಿದ್ದೂ ರೆಕ್ಕೆ ಮುರಿದು, ಮೋಟಾರು ಸುಟ್ಟು ಅಲ್ಲ. ಗಾಳಿ ಇಲ್ಲದ ಕಡೆ ಅವರು ಮೋಟಾರು ಉಳಿಸಿಕೊಂಡ್ರು, ಧಂಡಿಯಾಗಿ ಗಾಳಿ ಇರೋ ಕಡೆ ನಾವು ಸುಡ್ತಿದೀವಿ.

ನಮ್ಮ ಸಾಫ್ಟ್‌ವೇರ್ ಲೋಕ ಏನೂ ಸಾಚಾ ಅಲ್ಲ ಬಿಡಿ. ಪ್ರೋಗ್ರಾಮು ಮೆಮೊರಿ ನುಂಗ್ತಿದ್ರೆ ಯಾಕೆ ಅಂತ ನೋಡದೆ ರಾತ್ರಿ ಎರಡು ಗಂಟೆಗೆ ಸರ್ವರ್ ತಾನಾಗೇ ರೀಸ್ಟಾರ್ಟ್ ಆಗೋ ಹಾಗೆ ಮಾಡಿ ಮಲಗೋ ಜನ ನಾವು. ರಸ್ತೆ ಗುಂಡಿಗೆ ಮಣ್ಣು, ಸೋರೋ ಸೂರಿಗೆ ಬಕೆಟ್ಟು, ಬಿಸಿ ಮೋಟಾರಿಗೆ ಹೀಟ್ ಸಿಂಕು. ಎಲ್ಲ ಒಂದೇ ಜಾತಿ. "ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋದು ಬಸ್ಸಿನ ಸೀಟಿಗೆ ಒಳ್ಳೆ ಮಾತು, ಮೋಟಾರಿಗೆ ಅಲ್ಲ. ಮೋಟಾರು ಅಡ್ಜಸ್ಟ್ ಮಾಡ್ಕೊಳ್ಳಲ್ಲ, ಸುಡುತ್ತೆ.

ಹೀಟ್ ಸಿಂಕ್ ಹಾಕಲೇಬೇಡಿ ಅಂತ ನಾನು ಹೇಳ್ತಿಲ್ಲ. ಪಿನಿಯನ್ ಸರಿ ಇದೆ, ಎಲ್ಲೂ ಹಿಡೀತಿಲ್ಲ, ಕರೆಂಟ್ ಮಿತಿಯೊಳಗಿದೆ ಅಂತ ಅಳೆದು ನೋಡಿ, ಆಮೇಲೂ ಐದು ಡಿಗ್ರಿ ಇಳಿಸಬೇಕು ಅನ್ನಿಸಿದ್ರೆ ಧಾರಾಳವಾಗಿ ಹಾಕಿ. ಅದು ಕೊನೆಯ ಹೆಜ್ಜೆ. ನಾವು ಮೊದಲ ಹೆಜ್ಜೆ ಮಾಡ್ಕೊಂಡಿದೀವಿ, ಅದೇ ನನ್ನ ತಕರಾರು.

ಮುಂದಿನ ಸಲ ಯಾರಾದ್ರೂ "ಮೋಟಾರು ಬಿಸಿ ಆಗ್ತಿದೆ" ಅಂದಾಗ "ಎಷ್ಟು ಹಲ್ಲು? ಎಷ್ಟು ಆಂಪ್ಸ್? ಎಷ್ಟು ಡಿಗ್ರಿ?" ಅಂತ ಮೂರು ಪ್ರಶ್ನೆ ಕೇಳಿ ನೋಡಿ. ಉತ್ತರ ಇಲ್ಲ ಅಂದ್ರೆ ಸಲಹೆ ಕೊಡಬೇಡಿ, ಮೀಟರ್ ಕೊಡಿ.

ಏನಂತೀರಿ?